ತೋಟಕ್ಕೆ ಕಪ್ಪುಕಲ್ಲಿನ ಪುಡಿ: ಲಾರಿ ತರಿಸುವ ಮುನ್ನ ಮತ್ತು ತರಿಸಿದ ಮೇಲೆ

ಮೊದಲ ಸಲ ನಾನು ಒಂದು ಲಾರಿ ಕಲ್ಲುಪುಡಿ ಇಳಿಸಿಕೊಂಡಾಗ ಊರಿನವರು ಮನೆ ಕಟ್ಟಿಸುತ್ತಿದ್ದೇನೆ ಎಂದುಕೊಂಡರು. ಅದನ್ನು ಅಡಿಕೆ ಮರದ ಬುಡಕ್ಕೆ ಸುರಿಯುವುದನ್ನು ಕಂಡ ಮೇಲೆ ಯಾರೂ ಏನೂ ಕೇಳಲಿಲ್ಲ. ಎರಡು ಮಳೆಗಾಲ ಕಳೆದರೂ ಪುಡಿ ಹಾಕಿದ ಹಾಗೆಯೇ ಇತ್ತು. ಬೆಳಗಿನ ಬಿಸಿಲು ಬಿದ್ದರೆ ಅಭ್ರಕದ ಚೂರುಗಳು ಮಿಣಮಿಣ ಎನ್ನುತ್ತಿದ್ದವು. ಕಪ್ಪುಕಲ್ಲು ಎಂದು ಹೇಳಿ ಕೊಟ್ಟದ್ದು ಬರಿಯ ಗ್ರಾನೈಟ್ ಪುಡಿ. ಕೊಟ್ಟವರದಷ್ಟೇ ತಪ್ಪಲ್ಲ, ಕಲ್ಲನ್ನು ನೋಡದೆ ಪುಡಿಯನ್ನು ಕೊಂಡ ನನ್ನದೂ ಹೌದು.

ಬಸಾಲ್ಟ್, ಅಂದರೆ ಲಾವಾ ತಣಿದು ಆದ ನಿಜವಾದ ಕಪ್ಪುಕಲ್ಲು. ಅದರ ಪುಡಿ ಮಣ್ಣಿನ ಹುಳಿ ತೆಗೆಯುತ್ತದೆ, ಜೊತೆಗೆ ಗಾಳಿಯ ಇಂಗಾಲವನ್ನೂ ಹಿಡಿಯುತ್ತದೆ ಎಂಬ ಮಾತು ಈಗ ಮೊಬೈಲಿನಲ್ಲಿ ಹರಿದಾಡುತ್ತಿದೆ. ಮಾತು ಸುಳ್ಳಲ್ಲ. ಆದರೆ ಯಾವ ಕಲ್ಲು, ಯಾವ ಮಣ್ಣು, ಎಷ್ಟು ದೂರದಿಂದ ತಂದದ್ದು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಸರಿಯಿದ್ದರೆ ಮಾತ್ರ ನಿಜ. ಇದನ್ನು ನಿಧಾನವಾಗಿ ಕೆಲಸ ಮಾಡುವ ಸುಣ್ಣ ಎಂದು ತಿಳಿದು ಹಾಕಿ. ಇಂಗಾಲದ ಲೆಕ್ಕ ಮೇಲಿನ ಕೊಸರು ಎಂದಿಟ್ಟುಕೊಳ್ಳಿ. ನನ್ನ ಸಲಹೆ ಇಷ್ಟೇ, ಮುಂದಿನದೆಲ್ಲ ಅದರ ವಿವರ.

ಕಲ್ಲು ಗಾಳಿಯನ್ನು ಹಿಡಿಯುವುದು ಹೇಗೆ

ಬೇರುಗಳು, ಎರೆಹುಳು, ಸೂಕ್ಷ್ಮಜೀವಿಗಳು ಎಲ್ಲವೂ ಉಸಿರಾಡುವುದರಿಂದ ಮಣ್ಣಿನ ಒಳಗಿನ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹೊರಗಿನದಕ್ಕಿಂತ ಹತ್ತಾರು ಪಟ್ಟು ಹೆಚ್ಚಿರುತ್ತದೆ. ಮಳೆನೀರಿಗೆ ಅದು ಸೇರಿದರೆ ತೆಳುವಾದ ಸೋಡಾ ನೀರು. ಈ ಹುಳಿನೀರು ಕಲ್ಲಿನ ಪುಡಿಯನ್ನು ತಿನ್ನುತ್ತದೆ; ಕ್ಯಾಲ್ಸಿಯಂ, ಮೆಗ್ನೀಶಿಯಂ ಹೊರಗೆ ಬರುತ್ತವೆ, ಅನಿಲವಾಗಿದ್ದ ಇಂಗಾಲ ಬೈಕಾರ್ಬೊನೇಟ್ ಆಗಿ ನೀರಿನಲ್ಲಿ ಕರಗಿ ಉಳಿಯುತ್ತದೆ. ಬೋರ್‌ವೆಲ್ ನೀರು ಕಾಯಿಸುವ ಹಂಡೆಯ ತಳದಲ್ಲಿ ಬಿಳಿ ಹಕ್ಕಳೆ ಕಟ್ಟುತ್ತದಲ್ಲ, ಅದರ ಮೂಲ ಈ ಬೈಕಾರ್ಬೊನೇಟೇ. ಹೊಳೆಯ ಮೂಲಕ ಸಮುದ್ರ ಸೇರಿದರೆ ಅದು ಸಾವಿರಾರು ವರ್ಷ ಅಲ್ಲೇ ಇರುತ್ತದೆ. ಭೂಮಿಯ ಮೇಲಿನ ಬಂಡೆಗಳೆಲ್ಲ ಈ ಕೆಲಸವನ್ನು ತಮ್ಮಷ್ಟಕ್ಕೆ ಮಾಡಿಕೊಂಡೇ ಬಂದಿವೆ. ಪುಡಿ ಮಾಡುವುದರಿಂದ ಕಲ್ಲಿನ ಮೈ ಹೆಚ್ಚುತ್ತದೆ, ಕೆಲಸ ಬೇಗ ಸಾಗುತ್ತದೆ.

ಶೆಫೀಲ್ಡ್ ವಿಶ್ವವಿದ್ಯಾಲಯದ ಡೇವಿಡ್ ಬೀರ್ಲಿಂಗ್ ಮತ್ತು ಸಂಗಡಿಗರು 2020ರಲ್ಲಿ ಹಾಕಿದ ಲೆಕ್ಕದ ಪ್ರಕಾರ ಜಗತ್ತಿನ ಕೃಷಿಭೂಮಿಗೆ ಹೀಗೆ ಪುಡಿ ಹಾಕಿದರೆ ವರ್ಷಕ್ಕೆ 50 ಕೋಟಿಯಿಂದ 200 ಕೋಟಿ ಟನ್ ಇಂಗಾಲದ ಡೈಆಕ್ಸೈಡ್ ತೆಗೆಯಬಹುದು. ಹೆಚ್ಚಿನ ಅವಕಾಶವಿರುವ ದೇಶಗಳಲ್ಲಿ ಭಾರತವೂ ಒಂದು. ಛತ್ತೀಸಗಢ, ಮಧ್ಯಪ್ರದೇಶದ ಸಣ್ಣ ರೈತರ ಭತ್ತದ ಗದ್ದೆಗಳಲ್ಲಿ ಬಸಾಲ್ಟ್ ಹರಡುವ ಮಾತಿ ಕಾರ್ಬನ್ ಸಂಸ್ಥೆಗೆ 2025ರಲ್ಲಿ ಎಕ್ಸ್‌ಪ್ರೈಜ್ ಸ್ಪರ್ಧೆಯ 5 ಕೋಟಿ ಡಾಲರ್ ಬಹುಮಾನ ಬಂದಿತು. ಸುದ್ದಿ ನಮ್ಮ ಕಡೆಗೂ ಮುಟ್ಟಿದ್ದು ಆಗಲೇ.

ಮೊದಲು ಮಣ್ಣು ನೋಡಿ

ಕಲ್ಲು ಎಲ್ಲಿದೆಯೋ ಅಲ್ಲಿ ಅದು ಬೇಡ, ಎಲ್ಲಿ ಬೇಕೋ ಅಲ್ಲಿ ಕಲ್ಲಿಲ್ಲ. ಇದು ನಮ್ಮ ರಾಜ್ಯದ ತಮಾಷೆ. ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ್ ಕಡೆ ನೆಲದಡಿ ಇರುವುದು ಸುಮಾರು 6.6 ಕೋಟಿ ವರ್ಷದ ಹಿಂದೆ ಹರಿದ ಲಾವಾ. ಗೋಳಗುಮ್ಮಟ ಕಟ್ಟಿದ್ದು ಅದೇ ಕಲ್ಲಿನಲ್ಲಿ, ಸುತ್ತಲಿನ ಎರೆಮಣ್ಣು ಆಗಿದ್ದೂ ಅದೇ ಕಲ್ಲು ಸವೆದು. ಆ ಎರೆಮಣ್ಣಿನಲ್ಲಿ ಕ್ಯಾಲ್ಸಿಯಂ ಸಾಕುಬೇಕಾದಷ್ಟಿದೆ, ಪಿಎಚ್ (ಹುಳಿಯ ಅಳತೆ, 7ಕ್ಕಿಂತ ಇಳಿದಷ್ಟೂ ಹುಳಿ ಹೆಚ್ಚು) ಸಾಮಾನ್ಯವಾಗಿ 7.5ರ ಮೇಲೆ. ಅಗೆದರೆ ಸುಣ್ಣದ ಹರಳುಗಳು ಕೈಗೆ ಸಿಗುತ್ತವೆ. ಆ ಹೊಲಕ್ಕೆ ಮತ್ತೆ ಬಸಾಲ್ಟ್ ಸುರಿಯುವುದು ಕೆರೆಯ ನೀರನ್ನು ಕೆರೆಗೆ ಚೆಲ್ಲಿದಂತೆ. ಎರೆಹೊಲದವರು ಇಲ್ಲಿಗೇ ಓದು ನಿಲ್ಲಿಸಬಹುದು.

ಮಲೆನಾಡು, ಕರಾವಳಿ, ಕೊಡಗಿನ ಕಥೆ ಬೇರೆ. ನೂರಾರು ಅಂಗುಲ ಮಳೆ ಬಿದ್ದು ಬಿದ್ದು ಕ್ಯಾಲ್ಸಿಯಂ, ಮೆಗ್ನೀಶಿಯಂ, ಪೊಟ್ಯಾಷ್ ತೊಳೆದು ಹೋಗಿ ಕಬ್ಬಿಣ, ಅಲ್ಯೂಮಿನಿಯಂ ಉಳಿದ ಕೆಂಪು ಜಂಬಿಟ್ಟಿಗೆ ಮಣ್ಣು ನಮ್ಮದು. ಪಿಎಚ್ 5.5ಕ್ಕಿಂತ ಕೆಳಗಿಳಿದರೆ ಅಲ್ಯೂಮಿನಿಯಂ ಕರಗಿ ಬೇರಿನ ತುದಿ ಮೊಂಡಾಗುತ್ತದೆ, ಹಾಕಿದ ರಂಜಕವನ್ನು ಮಣ್ಣೇ ಕಚ್ಚಿಟ್ಟುಕೊಳ್ಳುತ್ತದೆ. ಕಪ್ಪುಕಲ್ಲಿನ ಪುಡಿಗೆ ಅರ್ಥವಿರುವುದು ಇಂಥ ಮಣ್ಣಿನಲ್ಲಿ.

ಮಾದರಿ ತೆಗೆಯುವ ಕ್ರಮ ಹೊಸದಲ್ಲ. ಹತ್ತು ಹನ್ನೆರಡು ಕಡೆ ಮೇಲಿನ ದರಕು ಸರಿಸಿ, ಇಂಗ್ಲಿಷಿನ ವಿ ಆಕಾರದಲ್ಲಿ ಗದ್ದೆಯಾದರೆ 15 ಸೆಂಟಿಮೀಟರ್, ತೋಟವಾದರೆ 30 ಸೆಂಟಿಮೀಟರ್ ಅಗೆದು, ಪಕ್ಕದ ಗೋಡೆಯಿಂದ ಒಂದು ಪದರ ಕೆರೆದುಕೊಳ್ಳಿ. ಎಲ್ಲ ಬೆರೆಸಿ, ನಾಲ್ಕು ಪಾಲು ಮಾಡಿ ಎದುರುಬದುರು ಪಾಲು ಬಿಸಾಡುತ್ತ ಅರ್ಧ ಕಿಲೋಗೆ ತನ್ನಿ, ನೆರಳಿನಲ್ಲಿ ಒಣಗಿಸಿ. ಗೊಬ್ಬರ ಹಾಕಿದ ಬುಡದಿಂದ, ಗೊಬ್ಬರದ ಗುಂಡಿಯ ಪಕ್ಕದಿಂದ ತೆಗೆಯಬೇಡಿ. ಒಂದು ವಿಷಯ ಮಾತ್ರ ಹಲವರು ಗಮನಿಸುವುದಿಲ್ಲ: ಮಣ್ಣು ಆರೋಗ್ಯ ಚೀಟಿಯಲ್ಲಿ ಬರುವ 12 ಅಂಶಗಳಲ್ಲಿ ಕ್ಯಾಲ್ಸಿಯಂ, ಮೆಗ್ನೀಶಿಯಂ ಇಲ್ಲ. ಕೃಷಿ ವಿಜ್ಞಾನ ಕೇಂದ್ರದಲ್ಲೋ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲೋ ಅವೆರಡನ್ನೂ ಸುಣ್ಣದ ಅಗತ್ಯವನ್ನೂ ಬೇರೆಯಾಗಿ ಕೇಳಿ ಮಾಡಿಸಿ. ಕಲ್ಲುಪುಡಿಯಿಂದ ಬರುವುದು ಅವೇ ಆದ್ದರಿಂದ ಅವುಗಳ ಅಂಕಿ ಕೈಯಲ್ಲಿಲ್ಲದೆ ಹೊರಟರೆ ಮುಂದೆ ಏನೂ ಗೊತ್ತಾಗುವುದಿಲ್ಲ.

ಚೀಟಿ ಬಂದ ಮೇಲೆ ನಿರ್ಧಾರ ಸುಲಭ. ಪಿಎಚ್ 6.5ರ ಮೇಲಿದ್ದರೆ ಪುಡಿ ಬೇಡ. 5ರಿಂದ 6.5ರ ಒಳಗಿದ್ದರೆ ಪ್ರಯೋಗಕ್ಕೆ ಒಳ್ಳೆಯ ಜಾಗ. 5ಕ್ಕಿಂತ ಕಡಿಮೆಯಿದ್ದರೆ ಮೊದಲು ಕೃಷಿ ಸುಣ್ಣ ಅಥವಾ ಡಾಲೊಮೈಟ್ ಹಾಕಿ ಗಿಡಕ್ಕೆ ಉಸಿರು ಬಿಡಲು ಅವಕಾಶ ಕೊಡಿ. ಬಸಾಲ್ಟ್ ಪೂರ್ತಿ ಕರಗಿದರೂ ಮೂರು ಟನ್ ಸೇರಿ ಒಂದು ಟನ್ ಸುಣ್ಣದ ಕೆಲಸ ಮಾಡುತ್ತದೆ, ಅದೂ ವರ್ಷಗಳಲ್ಲಿ. ಇನ್ನೊಂದು ಕಾರಣವೂ ಇದೆ. ಯೂರಿಯಾ, ಅಮೋನಿಯಂ ಸಲ್ಫೇಟ್ ಹಾಕಿ ಹಾಕಿ ತೀರಾ ಹುಳಿಯಾದ ಮಣ್ಣಿನಲ್ಲಿ ಕಲ್ಲನ್ನು ತಿನ್ನುವುದು ಸೋಡಾ ನೀರಲ್ಲ, ಗೊಬ್ಬರದಿಂದ ಹುಟ್ಟಿದ ನೈಟ್ರಿಕ್ ಆಮ್ಲದಂಥವು. ಆಗ ಮಣ್ಣು ಸುಧಾರಿಸುತ್ತದೆ, ಆದರೆ ಗಾಳಿಯ ಇಂಗಾಲ ಹಿಡಿದ ಹಾಗಾಗುವುದಿಲ್ಲ.

ಕಲ್ಲನ್ನು ತೂಗಿ ನೋಡಿ

ಇನ್ನು ಕಲ್ಲು. ದಕ್ಷಿಣ ಕರ್ನಾಟಕದ ಬಹುಪಾಲು ಕ್ರಷರುಗಳು ಅರೆಯುವುದು ಗ್ರಾನೈಟ್ ಮತ್ತು ನೈಸ್ ಎಂಬ ಪಟ್ಟೆಪಟ್ಟೆ ಕಲ್ಲು. ಅವುಗಳಲ್ಲಿ ಬಿಳಿಹರಳು ಜಾಸ್ತಿ, ಕ್ಯಾಲ್ಸಿಯಂ ಮೆಗ್ನೀಶಿಯಂ ಕಡಿಮೆ, ಕರಗುವ ವೇಗ ಕೇಳುವುದೇ ಬೇಡ. ಬಣ್ಣ ನೋಡಿ ನಂಬುವ ಹಾಗಿಲ್ಲ. ಮಲ್ಪೆಯ ಎದುರಿನ ಸೇಂಟ್ ಮೇರಿಸ್ ದ್ವೀಪದ ಕಂಬದಂಥ ಬಂಡೆಗಳು ನೋಡಲು ಬಸಾಲ್ಟಿನ ಹಾಗೆಯೇ ಇವೆ, ಆದರೆ ಸಿಲಿಕಾ ತುಂಬಿದ ಬೇರೆಯೇ ಲಾವಾ. ತದ್ವಿರುದ್ಧವಾಗಿ ಚಾಮರಾಜನಗರದ ಕಡೆ ಕಪ್ಪು ಗ್ರಾನೈಟ್ ಎಂದು ಮಾರುವ ಕಲ್ಲು ಗ್ರಾನೈಟೇ ಅಲ್ಲ. ಅದು ಡಾಲರೈಟ್, ಗುಣದಲ್ಲಿ ಬಸಾಲ್ಟಿನ ಅಣ್ಣ. ಅಂಥ ಕ್ವಾರಿಯ ಪುಡಿ ಸಿಕ್ಕರೆ ಒಳ್ಳೆಯದೇ, ಪಾಲಿಶ್ ಕಾರ್ಖಾನೆಯ ಕೆಸರು ಮಾತ್ರ ಬೇಡ. ಅದರಲ್ಲಿ ಗರಗಸದ ಉಕ್ಕಿನ ಪುಡಿ, ಅಂಟು ಸೇರಿರುತ್ತವೆ.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆಯೊಂದನ್ನು ಹೇಳುತ್ತೇನೆ. ಮೊದಲ ಲಾರಿಯಲ್ಲಿ ನಾನು ಮಾಡದೆ ಹೋದದ್ದು ಇದನ್ನೇ. ಪುಡಿ ಬರುವ ಕ್ವಾರಿಯಿಂದಲೇ ತೆಂಗಿನಕಾಯಿ ಗಾತ್ರದ, ಬಿರುಕಿಲ್ಲದ ಹೊಸ ಕಲ್ಲು ತನ್ನಿ. ದಾರ ಕಟ್ಟಿ ಕೊಕ್ಕೆಯ ತಕ್ಕಡಿಗೆ ನೇತು ಹಾಕಿ ತೂಕ ಬರೆದುಕೊಳ್ಳಿ. ತಕ್ಕಡಿಯಲ್ಲಿ ನೇತಾಡುತ್ತಿರುವಂತೆಯೇ ಬಕೆಟ್ ನೀರಿನಲ್ಲಿ ಪೂರ್ತಿ ಮುಳುಗಿಸಿ, ತಳ ತಾಗದಂತೆ ಹಿಡಿದು ಮತ್ತೆ ತೂಕ ನೋಡಿ. ಗಾಳಿಯಲ್ಲಿ 2 ಕಿಲೋ, ನೀರಿನಲ್ಲಿ 1.3 ಕಿಲೋ ಬಂದಿತು ಎನ್ನಿ. ಕಡಿಮೆಯಾದದ್ದು 0.7. ಎರಡನ್ನು 0.7ರಿಂದ ಭಾಗಿಸಿದರೆ 2.86. ಬಸಾಲ್ಟ್, ಡಾಲರೈಟ್ ಸಾಮಾನ್ಯವಾಗಿ 2.8ರಿಂದ 3ರ ನಡುವೆ ಬರುತ್ತವೆ, ಗ್ರಾನೈಟ್ 2.6, 2.7ರ ಸುತ್ತ ನಿಲ್ಲುತ್ತದೆ. ತಕ್ಕಡಿ ಹತ್ತು ಗ್ರಾಂ ತೋರಿಸುವಂಥದ್ದಾದರೆ ಒಳ್ಳೆಯದು. ಸಣ್ಣ ಗುಳ್ಳೆ ತುಂಬಿದ ಬಸಾಲ್ಟ್ ಹಗುರ ಬರುವುದುಂಟು, ಆದ್ದರಿಂದ ಗಟ್ಟಿ ಕಲ್ಲನ್ನೇ ಆರಿಸಿ.

ತಕ್ಕಡಿಯಲ್ಲಿ ಪಾಸಾದ ಮೇಲೆ ಪ್ರಯೋಗಾಲಯ. ಅಲ್ಲಿ ಏನು ಕೇಳಬೇಕು ಎಂಬುದಕ್ಕೆ ಬ್ರೆಜಿಲಿನ ನಿಯಮ ಒಳ್ಳೆಯ ಅಳತೆಗೋಲು. ಅಲ್ಲಿ 2013ರ ಕಾನೂನು ಕಲ್ಲುಪುಡಿಯನ್ನು ಕೃಷಿ ಪರಿಕರವೆಂದೇ ಒಪ್ಪಿದೆ, 2016ರಲ್ಲಿ ಗುಣಮಟ್ಟವನ್ನೂ ಬರೆದಿದೆ: ಕ್ಯಾಲ್ಸಿಯಂ, ಮೆಗ್ನೀಶಿಯಂ, ಪೊಟ್ಯಾಷಿಯಂ ಆಕ್ಸೈಡುಗಳು ಸೇರಿ ಕನಿಷ್ಠ ಶೇ. 9, ಅದರಲ್ಲಿ ಪೊಟ್ಯಾಷ್ ಕನಿಷ್ಠ ಶೇ. 1, ಬಿಡಿ ಸಿಲಿಕಾ ಶೇ. 25ಕ್ಕಿಂತ ಹೆಚ್ಚಿರಬಾರದು. ಆರ್ಸೆನಿಕ್ 15, ಕ್ಯಾಡ್ಮಿಯಂ 10, ಸೀಸ 200, ಪಾದರಸ 0.1 ಪಿಪಿಎಂ (ಹತ್ತು ಲಕ್ಷದಲ್ಲಿ ಇಷ್ಟು ಪಾಲು) ಮಿತಿ. ನಮ್ಮ ದಖ್ಖನ್ ಬಸಾಲ್ಟಿನಲ್ಲಿ ಕ್ಯಾಲ್ಸಿಯಂ ಆಕ್ಸೈಡೇ ಶೇ. 10ರ ಹತ್ತಿರ, ಮೆಗ್ನೀಶಿಯಂ 6ರ ಹತ್ತಿರ ಇರುವುದರಿಂದ ಮೊದಲ ಅಳತೆಯಲ್ಲಿ ಸುಲಭವಾಗಿ ಗೆಲ್ಲುತ್ತದೆ. ಪೊಟ್ಯಾಷಿನಲ್ಲಿ ಬಹಳ ಕಡೆ ಸೋಲುತ್ತದೆ. ಸಾರಜನಕವಂತೂ ಸೊನ್ನೆ. ಆದ್ದರಿಂದ ಅಡಿಕೆಗೆ ಶಿಫಾರಸಾದ ಮರಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್ ಮತ್ತು 12 ಕಿಲೋ ಸೊಪ್ಪು, 12 ಕಿಲೋ ಕೊಟ್ಟಿಗೆ ಗೊಬ್ಬರವನ್ನು ಕಲ್ಲುಪುಡಿ ನಂಬಿ ಬಿಡಬೇಡಿ.

ಬಸಾಲ್ಟಿಗಿಂತ ಬೇಗ ಕರಗುವ ಹಸಿರು ಛಾಯೆಯ ಆಲಿವಿನ್ ಕಲ್ಲುಗಳೂ ಇವೆ. ಹಾಸನ ಜಿಲ್ಲೆಯ ನುಗ್ಗೇಹಳ್ಳಿ ಸುತ್ತಲಿನ ಕ್ರೋಮೈಟ್ ಗಣಿಗಳ ಕಲ್ಲು ಅದೇ ಬಳಗದ್ದು. ಅವುಗಳಲ್ಲಿ ನಿಕ್ಕಲ್, ಕ್ರೋಮಿಯಂ ಬಸಾಲ್ಟಿಗಿಂತ ಎಷ್ಟೋ ಪಟ್ಟು ಹೆಚ್ಚು. ಕೆಲವದರಲ್ಲಿ ಕಲ್ನಾರೂ ಇರುತ್ತದೆ. ಯಾರು ಪುಕ್ಕಟೆ ಕೊಟ್ಟರೂ ತೋಟಕ್ಕೆ ತರಬೇಡಿ. ಉಕ್ಕಿನ ಕಾರ್ಖಾನೆಯ ಕಿಟ್ಟದಲ್ಲಿ ಕ್ಯಾಲ್ಸಿಯಂ ಸಿಲಿಕೇಟ್ ಸಾಕಷ್ಟಿದ್ದರೂ ಭಾರಲೋಹದ ವರದಿ ಓದದೆ ಅದನ್ನು ಮುಟ್ಟಬಾರದು.

ನಯ, ದೂರ, ಕಾಗದ

ಜಲ್ಲಿಪುಡಿ ಎಂದು ರಾಶಿ ಹಾಕಿರುವುದರಲ್ಲಿ ಅರ್ಧಕ್ಕರ್ಧ ಮರಳಿನ ಗಾತ್ರದ ಕಾಳು. ನಮಗೆ ಬೇಕಾದದ್ದು ಬೆರಳ ನಡುವೆ ಉಜ್ಜಿದರೆ ಗೋಧಿ ಹಿಟ್ಟಿನಂತೆ ಅಂಟುವ ಭಾಗ. ಎಂ-ಸ್ಯಾಂಡ್ ಮಾಡುವ ಕಡೆ ಮರಳನ್ನು ತೊಳೆದು ತೆಗೆದ ನಯವಾದ ಕೆಸರು ಹೊಂಡದಲ್ಲಿ ಕೂತಿರುತ್ತದೆ. ಕಾಂಕ್ರೀಟಿಗೆ ಅದು ಬೇಡ, ಅವರಿಗೆ ಸಾಗಿಸುವುದೇ ತಲೆನೋವು. ಕಲ್ಲು ಬಸಾಲ್ಟ್ ಆಗಿದ್ದರೆ ನಮಗೆ ಅದೇ ಬೆಣ್ಣೆ. ಬೇರೆಯಾಗಿ ಅರೆಯುವ ಕರೆಂಟಿನ ಖರ್ಚೂ ಇಲ್ಲ. ಕೆಸರು ಬೇಗ ತಳ ಸೇರಲೆಂದು ಯಾವ ರಾಸಾಯನಿಕ ಬಳಸುತ್ತಾರೆ ಎಂದು ಕೇಳಿಕೊಳ್ಳಿ.

ದೂರದ ಲೆಕ್ಕವನ್ನು ಒಮ್ಮೆ ಕೂತು ಹಾಕಿ. ಒಂದು ಟನ್ ಬಸಾಲ್ಟ್ ಪೂರ್ತಿ ಕರಗಿದರೆ ಹಿಡಿಯುವುದು ಹೆಚ್ಚೆಂದರೆ 300 ಕಿಲೋ ಇಂಗಾಲದ ಡೈಆಕ್ಸೈಡ್. ಬೆಳಗಾವಿ ಕಡೆಯಿಂದ ಶಿರಸಿಗೆ ಸುಮಾರು 200 ಕಿಲೋಮೀಟರ್ ಎಂದು ಹಿಡಿಯೋಣ. 16 ಟನ್ ಹೊತ್ತ ಲಾರಿ ಬಂದು ಖಾಲಿ ಮರಳಿದರೆ 400 ಕಿಲೋಮೀಟರ್, ಲೀಟರಿಗೆ ನಾಲ್ಕರಂತೆ 100 ಲೀಟರ್ ಡೀಸೆಲ್. ಲೀಟರಿಗೆ 2.68 ಕಿಲೋ ಹೊಗೆಯಂತೆ 268 ಕಿಲೋ. ಟನ್ನಿಗೆ 17 ಕಿಲೋ ಆಯಿತು. ಮುನ್ನೂರರ ಮುಂದೆ ಹದಿನೇಳು ಏನೂ ಅಲ್ಲ ಅನಿಸುತ್ತದೆ. ಆದರೆ ಮೊದಲ ವರ್ಷ ಪುಡಿಯಲ್ಲಿ ಇಪ್ಪತ್ತರಲ್ಲೊಂದು ಪಾಲು ಮಾತ್ರ ಕರಗಿತು ಎಂದರೆ ಹಿಡಿದದ್ದು 15 ಕಿಲೋ, ಲಾರಿಯ ಸಾಲವೇ ಇನ್ನೂ ತೀರಿಲ್ಲ. ಲಾರಿ ಅಡಿಕೆಯನ್ನೋ ಬಾಳೆಗೊನೆಯನ್ನೋ ಹೊತ್ತು ಮರಳುವಂತೆ ಹೊಂದಿಸಿಕೊಂಡರೆ ಹೊಗೆಯ ಜೊತೆ ಬಾಡಿಗೆಯೂ ಇಳಿಯುತ್ತದೆ.

ಕಲ್ಲುಪುಡಿ ಉಪಖನಿಜ. ಕ್ರಷರಿನವರಿಂದ ಗಣಿ ಇಲಾಖೆಯ ಸಾಗಣೆ ಪರವಾನಗಿ ಕೇಳಿ ಪಡೆಯಿರಿ; ಗೊಬ್ಬರಕ್ಕೆ ಒಯ್ಯುತ್ತಿದ್ದೇನೆ ಎಂದು ತಪಾಸಣೆಯವರ ಮುಂದೆ ಹೇಳಿದರೆ ನಕ್ಕಾರು.

ಹಾಕುವ ಬಗೆ

ನಮ್ಮ ಹಿರಿಯರು ತೋಟಕ್ಕೆ ಕೆಲವು ವರ್ಷಕ್ಕೊಮ್ಮೆ ಹೊಸಮಣ್ಣು ಹೊರಿಸುತ್ತಿದ್ದರು, ಬಯಲುಸೀಮೆಯಲ್ಲಿ ಕೆರೆಯ ಗೋಡು ಹೊಡೆಯುತ್ತಿದ್ದರು. ಸವೆದ ಮಣ್ಣಿಗೆ ಸವೆಯದ ಕಲ್ಲಿನ ಸತ್ತ್ವ ಸೇರಿಸುವ ಉಪಾಯವೇ ಅದು. ಅದೇ ಕೈಯಲ್ಲಿ ಇದನ್ನೂ ಮಾಡಬಹುದು, ಆದರೆ ಮೊದಲ ವರ್ಷ ಇಡೀ ತೋಟಕ್ಕೆ ಹಾಕಬೇಡಿ.

ಅಮೆರಿಕದ ಇಲಿನಾಯ್‌ನಲ್ಲಿ ನಾಲ್ಕು ವರ್ಷ ನಡೆದ ಪ್ರಯೋಗದಲ್ಲಿ ಹೆಕ್ಟೇರಿಗೆ ವರ್ಷಕ್ಕೆ 50 ಟನ್ ಬಸಾಲ್ಟ್ ಹಾಕಿದರು. ಮೆಕ್ಕೆಜೋಳ, ಸೋಯಾ ಇಳುವರಿ ಶೇ. 12ರಿಂದ 16 ಹೆಚ್ಚಿತು. ಅದು ಎಕರೆಗೆ 20 ಟನ್ ಆಯಿತು. ಯಂತ್ರದಿಂದ ಎರಚುವ ಬಯಲು ಹೊಲಕ್ಕೆ ಅದು ಸರಿ, ತಲೆಹೊರೆಯಲ್ಲಿ ಹೊರುವ ನಮ್ಮ ತೋಟಕ್ಕಲ್ಲ. ಎಕರೆಗೆ 4 ಟನ್ನಿನಿಂದ ಶುರು ಮಾಡಿ. ಗುಂಟೆಗೆ 100 ಕಿಲೋ, ಅಂದರೆ ಸಿಮೆಂಟ್ ಚೀಲದ ತೂಕದ ಎರಡು ಚೀಲ. ಒಂಬತ್ತು ಅಡಿ ಅಂತರದ ಅಡಿಕೆ ತೋಟದಲ್ಲಿ ಮರಕ್ಕೆ ಸುಮಾರು 7 ಕಿಲೋ.

ಎರಡೆರಡು ಗುಂಟೆಯ ನಾಲ್ಕು ತುಂಡು ಗುರುತಿಸಿ. ಎರಡಕ್ಕೆ ಪುಡಿ, ಎರಡಕ್ಕೆ ಇಲ್ಲ. ಉಳಿದ ಗೊಬ್ಬರ, ನೀರು ಎಲ್ಲಕ್ಕೂ ಒಂದೇ. ಪುಡಿ ಹಾಕಿದ ತುಂಡು ಇಳಿಜಾರಿನ ಕೆಳಗಿರಲಿ. ಮೇಲಿದ್ದರೆ ಮಳೆನೀರು ಪುಡಿಯನ್ನು ಪಕ್ಕದ ತುಂಡಿಗೂ ಹಂಚಿಬಿಡುತ್ತದೆ. ಮೂಲೆಗೆ ಗೂಟ ಹೊಡೆದರೆ ಗೆದ್ದಲು ತಿನ್ನುತ್ತದೆ, ಕಲ್ಲು ನೆಡಿ.

ಕಾಲ ಮುಖ್ಯ. ಮುಂಗಾರಿನ ಮೊದಲ ಎರಡು ಮೂರು ಮಳೆ ಬಿದ್ದು ನೆಲ ಹದವಾದಾಗ ಹರಡಿ, ಬುಡದಿಂದ ಒಂದು ಮೊಳ ಬಿಟ್ಟು ಕೈಗುದ್ದಲಿಯಲ್ಲಿ ನಾಲ್ಕು ಬೆರಳಿನಷ್ಟು ಆಳಕ್ಕೆ ಮಣ್ಣಿಗೆ ಬೆರೆಸಿ, ಮೇಲೆ ಸೊಪ್ಪು ದರಕು ಮುಚ್ಚಿ. ಜೂನ್ ಕೊನೆಗೆ ಹೊಳೆ ತುಂಬಿದ ಮೇಲೆ ಹಾಕಿದರೆ ಪುಡಿ ಬಸಿಗಾಲುವೆ ಸೇರುತ್ತದೆ. ಮೇಲೆಯೇ ಚೆಲ್ಲಿ ಬಿಟ್ಟರೂ ಅದೇ ಗತಿ, ಇಲ್ಲವೇ ಸಿಮೆಂಟಿನಂತೆ ತೊಪ್ಪೆಗಟ್ಟುತ್ತದೆ. ಕೊಟ್ಟಿಗೆ ಗೊಬ್ಬರದ ಜೊತೆ ಬೆರೆಸಿ ಗುಂಡಿಯಲ್ಲಿ ಒಂದೆರಡು ತಿಂಗಳು ಇಟ್ಟು ಹಾಕುವುದು ನನಗೆ ಹೆಚ್ಚು ಒಗ್ಗಿದ ಕ್ರಮ. ಪುಡಿ ಹಾರುವುದಿಲ್ಲ, ಕೂಲಿ ಎರಡು ಸಲ ಆಗುವುದಿಲ್ಲ. ಭತ್ತದ ಗದ್ದೆಗಾದರೆ ಕೊನೆಯ ಹೂಟಿಗೆ ಮುನ್ನ ಹರಡಿ ಕೆಸರಿಗೆ ಬೆರೆಸಿದರೆ ಮುಗಿಯಿತು. ಕಲ್ಲು ಕರಗಿದಾಗ ಬರುವ ಸಿಲಿಕಾವನ್ನು ಭತ್ತ ಇಷ್ಟಪಟ್ಟು ಎಳೆದುಕೊಳ್ಳುತ್ತದೆ, ಬೆಂಕಿರೋಗ ತಡೆಯಲು ಅದು ನೆರವು.

ಒಣಪುಡಿಯನ್ನು ಯಾವ ಕಾರಣಕ್ಕೂ ಗಾಳಿಗೆ ಎರಚಿಸಬೇಡಿ. ಕಲ್ಲಿನ ಧೂಳು ಶ್ವಾಸಕೋಶದಲ್ಲಿ ಕೂತರೆ ಏಳುವುದಿಲ್ಲ; ಕ್ವಾರಿ ಕೆಲಸಗಾರರ ಸಿಲಿಕೋಸಿಸ್ ಬರುವುದು ಹಾಗೆಯೇ. ನೀರು ಚಿಮುಕಿಸಿ ಒದ್ದೆ ಮಾಡಿ, ಕೆಲಸದವರಿಗೆ ಎನ್-95 ಮುಖಗವಸು ಕೊಡಿ. ಟವೆಲ್ ಸುತ್ತಿಕೊಂಡರೆ ಸಾಲದು.

ಹಳದಿ ಎಲೆ ರೋಗಕ್ಕೆ ಕಲ್ಲುಪುಡಿ ಮದ್ದು ಎಂದು ಮಾರುವವರು ಬಂದರೆ ಕಾಫಿ ಕೊಟ್ಟು ಕಳಿಸಿ. ಅದು ಫೈಟೋಪ್ಲಾಸ್ಮಾ ಎಂಬ ಜೀವಿ ತರುವ ರೋಗ. ಪುಡಿಗೆ ಅದರ ಮೇಲೆ ಅಧಿಕಾರವಿಲ್ಲ.

ಅಳೆಯುವುದು, ಮತ್ತು ಇಂಗಾಲದ ದುಡ್ಡು

ಒಂದು ವರ್ಷದ ನಂತರ ಅದೇ ತಿಂಗಳಲ್ಲಿ, ಅದೇ ಆಳದಿಂದ, ನಾಲ್ಕೂ ತುಂಡಿನ ಮಣ್ಣು ಮತ್ತೆ ಪರೀಕ್ಷೆಗೆ ಕೊಡಿ. ಮಳೆಗಾಲದ ಪಿಎಚ್ ಬೇಸಿಗೆಯದಕ್ಕೆ ಹೋಲಿಸಿದರೆ ಲೆಕ್ಕ ತಪ್ಪುತ್ತದೆ. ಪುಡಿ ಹಾಕಿದ ತುಂಡಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಶಿಯಂ ಏರಿ, ಪಿಎಚ್ ಸ್ವಲ್ಪವಾದರೂ ಮೇಲೆ ಬಂದಿದ್ದರೆ ಕಲ್ಲು ಕರಗುತ್ತಿದೆ. ಏನೂ ಬದಲಾಗದಿದ್ದರೆ ಇನ್ನೊಂದು ವರ್ಷ ಕಾಯಿರಿ. ಮತ್ತೆ ಲಾರಿ ತರಿಸಬೇಡಿ. ಇಳುವರಿಯನ್ನು ತುಂಡುವಾರು ಗೊನೆ ತೂಗಿ ಬರೆಯಿರಿ. ಅಡಿಕೆ ಒಂದು ವರ್ಷ ಕೊಟ್ಟು ಮರುವರ್ಷ ಮುನಿಸಿಕೊಳ್ಳುವ ಮರವಾದ್ದರಿಂದ ಮೂರು ಫಸಲಿಗಿಂತ ಕಡಿಮೆ ಅಂಕಿ ಹಿಡಿದು ಮಾತಾಡುವುದು ಚೆನ್ನಾಗಿರುವುದಿಲ್ಲ.

ನಿಮ್ಮ ಬಸಿಗಾಲುವೆಯ ನೀರು ಎತ್ತ ಹರಿಯುತ್ತದೆ ಎಂಬುದೂ ಇಂಗಾಲದ ಲೆಕ್ಕಕ್ಕೆ ಸೇರುತ್ತದೆ. ಶಿರಸಿಯಿಂದ ಪಶ್ಚಿಮಕ್ಕಿಳಿದ ನೀರು ಅಘನಾಶಿನಿಯಲ್ಲಿ ಅಣೆಕಟ್ಟಿನ ತಡೆಯಿಲ್ಲದೆ ಕಡಲು ಸೇರುತ್ತದೆ. ಪೂರ್ವಕ್ಕೆ ವರದೆಗೆ ಬಿದ್ದದ್ದು ತುಂಗಭದ್ರೆ ಸೇರಿ, ಕಾಲುವೆ ಹತ್ತಿ ಎರೆಹೊಲಕ್ಕೆ ನುಗ್ಗಬಹುದು. ಅಲ್ಲಿ ಬೈಕಾರ್ಬೊನೇಟ್ ಸುಣ್ಣವಾಗಿ ಗಟ್ಟಿಯಾದರೆ ಹಿಡಿದ ಇಂಗಾಲದಲ್ಲಿ ಅರ್ಧ ಮತ್ತೆ ಗಾಳಿಗೆ. ಒಂದೇ ಊರಿನ ಎರಡು ತೋಟಗಳಿಗೆ ಎರಡು ಲೆಕ್ಕ.

ಇದನ್ನೆಲ್ಲ ಅಳೆದು ಕಾರ್ಬನ್ ಕ್ರೆಡಿಟ್, ಅಂದರೆ ಹಿಡಿದ ಇಂಗಾಲದ ಲೆಕ್ಕದ ಪತ್ರ, ಮಾಡಿ ವಿದೇಶಿ ಕಂಪನಿಗಳಿಗೆ ಮಾರುವ ಸಂಸ್ಥೆಗಳಿವೆ. ಒಬ್ಬ ರೈತ ತಾನೇ ನೋಂದಾಯಿಸಿ ಮಾರುವುದು ಕಷ್ಟ, ಪರೀಕ್ಷೆಯ ಖರ್ಚೇ ಬಂದ ದುಡ್ಡನ್ನು ನುಂಗುತ್ತದೆ. ಯಾರಾದರೂ ಪುಡಿ ಪುಕ್ಕಟೆ ಕೊಡುತ್ತೇವೆ, ಸಹಿ ಹಾಕಿ ಎಂದು ಬಂದರೆ ಕರಾರನ್ನು ಕನ್ನಡದಲ್ಲಿ ಬರೆದುಕೊಡಲು ಹೇಳಿ. ಯಾವ ಕ್ವಾರಿಯ ಕಲ್ಲು, ಭಾರಲೋಹದ ವರದಿ ಎಲ್ಲಿ, ಎಷ್ಟು ವರ್ಷ ನನ್ನ ಜಮೀನಿನಲ್ಲಿ ಮಣ್ಣು ತೆಗೆಯುತ್ತೀರಿ, ಕ್ರೆಡಿಟ್ ಮಾರಿದ ಹಣದಲ್ಲಿ ನನಗೆಷ್ಟು, ಮುಂದೆ ಮಣ್ಣಿನಲ್ಲಿ ನಿಕ್ಕಲ್ ಏರಿದರೆ ಹೊಣೆ ಯಾರದು, ನಾನು ತೋಟ ಮಾರಿದರೆ ಕರಾರು ಏನಾಗುತ್ತದೆ. ಕೊನೆಯ ಎರಡಕ್ಕೆ ತಡವರಿಸದೆ ಉತ್ತರ ಕೊಟ್ಟವರು ಸಿಕ್ಕರೆ ಅವರನ್ನು ಕರೆದುಕೊಂಡು ಹೋಗಿ, ಬಕೆಟ್ಟಿನ ಪಕ್ಕ ಕೂರಿಸಿ, ಅವರ ಕಲ್ಲನ್ನು ಅವರ ಎದುರೇ ತೂಗಿ.